ರೋಣದ ದನಿ, ಸಿನಿಮಾದ ಹಾಡು: ಮತ್ತೆ ಮತ್ತೆ ಕೇಳಬೇಕಾದ ಐದು

ಪಂಡಿತ ಭೀಮಸೇನ ಜೋಶಿ ಹುಟ್ಟಿದ ಊರು ಯಾವುದು? ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ತಿರುವಿ ಹಾಕಿದವರೆಲ್ಲ ಥಟ್ಟನೆ ‘ರೋಣ’ ಅಂತಾರೆ. ಭಾರತರತ್ನ ಬಂದ ವರ್ಷ? 2008. ಸರಿ, ಅವರ ಒಂದು ಹಾಡು ಗುನುಗಿ ನೋಡೋಣ ಅಂದ್ರೆ ಮಾತ್ರ ಎಲ್ಲರೂ ಮೊಬೈಲ್ ಕಡೆ ನೋಡ್ತಾರೆ. ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಬಂದ ನಾವೂ ಇದಕ್ಕೆ ಹೊರತಲ್ಲ. ‘ಅದು ಶಾಸ್ತ್ರೀಯ ಸಂಗೀತ, ತಿಳಿದವರಿಗಷ್ಟ, ನಮಗ ತಿಳಿಯಂಗಿಲ್ಲ ಬಿಡ್ರಿ’ ಅನ್ನೋದು ನಮ್ಮಲ್ಲಿ ರೂಢಿಯ ಮಾತು. ಹೀಗೆ ಹೇಳಿ ಹೇಳಿಯೇ ನಮ್ಮೂರಲ್ಲಿ ಹುಟ್ಟಿದ ದನಿಯನ್ನು ಬೇರೆ ಯಾರದ್ದೋ ಸ್ವತ್ತು ಮಾಡಿಬಿಟ್ಟಿದ್ದೇವೆ.

ಆದರೆ ಆ ದನಿಯ ಹತ್ತಿರ ಹೋಗಲು ಒಂದು ಸುಲಭದ ಬಾಗಿಲಿದೆ. ಅದು ಸಿನಿಮಾ ಹಾಡು. ಭೀಮಸೇನರು ಹಾಡಿದ ಚಿತ್ರಗೀತೆಗಳು ಬಹಳವಿಲ್ಲ, ಆದರೆ ಹಾಡಿದ್ದರಲ್ಲಿ ಕೆಲವನ್ನು ನೂರು ಸಲ ಕೇಳಿದರೂ ಹಳತಾಗುವುದಿಲ್ಲ. ಯಾಕೆ ಹಾಗೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುವುದೇ ಈ ಲೇಖನದ ಕೆಲಸ.

ಮೂರು ನಿಮಿಷದ ಲೆಕ್ಕ

ಖಯಾಲ್ ಗಾಯಕರು ಒಂದು ರಾಗವನ್ನು ಅರ್ಧ ಗಂಟೆ, ಮುಕ್ಕಾಲು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹಾಡ್ತಾರೆ. ಮೊದಲು ವಿಲಂಬಿತ, ಅಂದ್ರೆ ನಿಧಾನ ಗತಿ. ಸ್ವರ ಸ್ವರವಾಗಿ ರಾಗವನ್ನು ಕಟ್ಟುತ್ತಾ ಹೋಗಿ, ಆಮೇಲೆ ದ್ರುತದಲ್ಲಿ ವೇಗ, ತಾನುಗಳ ಸುರಿಮಳೆ. ಇನ್ನು ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಸಂಗೀತ. ಸಿನಿಮಾ ಹಾಡಿನ ಉದ್ದ ಕೂಡ ಹೆಚ್ಚುಕಡಿಮೆ ಆ ತಟ್ಟೆಯ ಅಳತೆಗೇ ಹೊಂದಿಕೊಂಡು ಬೆಳೆಯಿತು.

ಒಂದು ಗಂಟೆಯ ಸಂಗೀತಗಾರನಿಗೆ ಮೂರು ನಿಮಿಷ ಕೊಟ್ಟರೆ ಆತ ಏನು ಮಾಡ್ತಾನೆ? ಬೇಡದ್ದನ್ನೆಲ್ಲ ಬಿಟ್ಟು, ರಾಗದ ಮುಖ ಕಾಣುವಷ್ಟನ್ನು ಮಾತ್ರ ಆರಿಸಿಕೊಳ್ತಾನೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಜಿಪ್ ಫೈಲ್ ಇದ್ದ ಹಾಗೆ. ಬಿಚ್ಚುವ ಕೆಲಸ ಕೇಳುವವರದ್ದು, ಅದು ಒಂದೇ ಸಲಕ್ಕೆ ಆಗುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಕೇಳಬೇಕು.

ಭೀಮಸೇನರ ಬದುಕು ತಿರುಗಿದ್ದೂ ಇಂಥ ಒಂದು ತಟ್ಟೆಯಿಂದಲೇ. ಅವರು ಹುಟ್ಟಿದ್ದು 4 ಫೆಬ್ರುವರಿ 1922ರಂದು. ಆಗ ರೋಣ ಧಾರವಾಡ ಜಿಲ್ಲೆಯಲ್ಲಿತ್ತು, ಗದಗ ಜಿಲ್ಲೆಯಾದದ್ದು 1997ರಲ್ಲಿ. ಮೊನ್ನೆ ಮೊನ್ನೆಯವರೆಗೆ ರೋಣ ತಾಲ್ಲೂಕಿನಲ್ಲೇ ಇದ್ದ ಗಜೇಂದ್ರಗಡದವರೂ ‘ನಮ್ಮ ತಾಲ್ಲೂಕಿನವರು’ ಅಂತ ಹೆಮ್ಮೆ ಪಡಬಹುದು. ತಂದೆ ಗುರುರಾಜ ಜೋಶಿ ಮೇಷ್ಟ್ರು. ಹುಡುಗನಾಗಿದ್ದಾಗ ಭೀಮಸೇನರು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿ ಕೇಳಿದರು. ಹಾಗೆ ನಮಗೂ ಹಾಡಲು ಬರಬೇಕು ಅನ್ನೋ ಹಟ ಹಿಡಿಯಿತು. ಹನ್ನೊಂದನೇ ವಯಸ್ಸಿಗೇ ಮನೆ ಬಿಟ್ಟು, ಟಿಕೆಟ್ ಇಲ್ಲದೆ ರೈಲು ಹತ್ತಿ, ಗುರುವನ್ನು ಹುಡುಕುತ್ತಾ ಗ್ವಾಲಿಯರ್, ಜಲಂಧರ್‌ವರೆಗೆ ಅಲೆದರು. ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರವೇ, ಕುಂದಗೋಳದಲ್ಲಿ! ಆ ಗುರು ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಮೂರು ನಿಮಿಷದ ಒಂದು ತಟ್ಟೆ ಎಷ್ಟು ದೂರ ಕರೆದೊಯ್ಯಬಲ್ಲದು ನೋಡಿ.

ಈಗ ಹಾಡುಗಳಿಗೆ ಬರೋಣ.

1. ಕೇತಕಿ ಗುಲಾಬ್ ಜೂಹಿ – ಬಸಂತ್ ಬಹಾರ್ (1956)

ಹಿಂದಿ ಚಿತ್ರ, ಆದರೆ ಬೇರು ನಮ್ಮದು. ಚಿತ್ರದುರ್ಗದ ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿಯೇ ಇದರ ಮೂಲ. (ಅದೇ ಕಾದಂಬರಿಯನ್ನು ಜಿ.ವಿ. ಅಯ್ಯರ್ 1975ರಲ್ಲಿ ಕನ್ನಡದಲ್ಲಿ ಚಿತ್ರ ಮಾಡಿದರು.) ಶಂಕರ್–ಜೈಕಿಶನ್ ಸಂಗೀತ. ಇದು ಇಬ್ಬರು ಗಾಯಕರ ಸ್ಪರ್ಧೆಯ ಹಾಡು. ನಾಯಕನಿಗೆ ಮನ್ನಾ ಡೇ ದನಿ, ಎದುರಾಳಿಗೆ ಭೀಮಸೇನರ ದನಿ. ಕಥೆಯ ಪ್ರಕಾರ ಗೆಲ್ಲಬೇಕಾದವನು ನಾಯಕ! ಭೀಮಸೇನರನ್ನು ಹಾಡಿನಲ್ಲಿ ಸೋಲಿಸಬೇಕು ಅಂತ ತಿಳಿದಾಗ ಗಾಬರಿಯಾಗಿ ಊರು ಬಿಟ್ಟು ಹೋಗುವ ಯೋಚನೆ ಮಾಡಿದ್ದನ್ನೂ, ಹೆಂಡತಿ ಧೈರ್ಯ ತುಂಬಿದ್ದನ್ನೂ ಮನ್ನಾ ಡೇ ಅವರೇ ಹೇಳಿಕೊಂಡಿದ್ದಾರೆ.

ಮೊದಲ ಸಲ ಸುಮ್ಮನೆ ಕೇಳಿ. ಎರಡನೇ ಸಲ ಬೆರಳು ಮಡಚಿ ತಾಳ ಎಣಿಸಿ: ಎರಡು, ಮೂರು, ಎರಡು, ಮೂರು. ಇದು ಹತ್ತು ಮಾತ್ರೆಯ ಝಪತಾಳ. ಮೂರನೇ ಸಲ ಇಬ್ಬರ ತಾನುಗಳನ್ನು ಹೋಲಿಸಿ. ಭೀಮಸೇನರದ್ದು ಹೊಟ್ಟೆಯಾಳದಿಂದ ಎದ್ದು ಬರುವ ತೂಕದ ದನಿ, ಮನ್ನಾ ಡೇ ಅವರದ್ದು ಹಗುರವಾಗಿ ಜಾರುವ ದನಿ. ಗೆದ್ದವರು ಯಾರು ಅನ್ನೋದು ಕಥೆಗೆ ಬಿಟ್ಟದ್ದು. ನಮ್ಮ ರೂಮಿನಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ.

2. ನಂಬಿದೆ ನಿನ್ನ – ಸಂಧ್ಯಾರಾಗ (1966)

ಅ.ನ.ಕೃ. ಅವರ ಕಾದಂಬರಿ, ಡಾ. ರಾಜ್‌ಕುಮಾರ್ ಅಭಿನಯ, ಜಿ.ಕೆ. ವೆಂಕಟೇಶ್ ಸಂಗೀತ. ಇದೇ ಹಾಡು ಎಂ. ಬಾಲಮುರಳಿಕೃಷ್ಣ ಮತ್ತು ಎಸ್. ಜಾನಕಿ ಅವರ ದನಿಯಲ್ಲೂ ಇದೆ. ಹಿಂದೂಸ್ತಾನಿ ಮತ್ತು ಕರ್ನಾಟಕ ಸಂಗೀತದ ವ್ಯತ್ಯಾಸವೇನು ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ. ಮಾತು ಒಂದೇ ಇರುವಾಗ ದನಿ ಏನು ಮಾಡುತ್ತದೆ ಅನ್ನೋದು ಸ್ಪಷ್ಟವಾಗಿ ಕೇಳಿಸುತ್ತೆ. ಬಾಲಮುರಳಿಯವರಲ್ಲಿ ಸ್ವರ ಅಲೆಯಂತೆ ಬಳುಕುತ್ತದೆ, ಅದು ಗಮಕ. ಭೀಮಸೇನರು ಒಂದು ಸ್ವರದ ಮೇಲೆ ನಿಂತು, ಅಲ್ಲಿಂದ ಇನ್ನೊಂದಕ್ಕೆ ಎಲ್ಲೂ ಕಡಿಯದೆ ಜಾರುತ್ತಾರೆ, ಅದು ಮೀಂಡ್. ಲ್ಯಾಬಿನಲ್ಲಿ ಒಂದೇ ಇನ್‌ಪುಟ್ ಕೊಟ್ಟು ಬೇರೆ ಬೇರೆ ಸರ್ಕ್ಯೂಟಿನ ಔಟ್‌ಪುಟ್ ನೋಡ್ತೀವಲ್ಲ, ಹಾಗೆಯೇ ಇವನ್ನು ಒಂದರ ಹಿಂದೊಂದು ಹಾಕಿ ಕೇಳಿ.

3. ಭಾಗ್ಯದ ಲಕ್ಷ್ಮೀ – ನೋಡಿ ಸ್ವಾಮಿ ನಾವಿರೋದು ಹೀಗೆ

ಶಂಕರ್‌ನಾಗ್ ಅವರ ಚಿತ್ರ ಅಂದ್ರೆ ನಮ್ಮ ಕ್ಲಬ್ಬಿನಲ್ಲಿ ಬೇರೆ ಶಿಫಾರಸು ಬೇಕಿಲ್ಲ. ಪುರಂದರದಾಸರ ಈ ಪದವನ್ನು ನಾವೆಲ್ಲ ಶುಕ್ರವಾರದ ಪೂಜೆಯಲ್ಲಿ ಅಜ್ಜಿಯ, ಅವ್ವನ ಬಾಯಲ್ಲಿ ಕೇಳಿಯೇ ಬೆಳೆದವರು. ಅದೇ ಇದರ ಅನುಕೂಲ. ಹಾಡು ಮೊದಲೇ ಗೊತ್ತಿರುವುದರಿಂದ ಮಾತಿನ ಅರ್ಥಕ್ಕೆ ತಡಕಾಡಬೇಕಿಲ್ಲ, ಗಾಯಕ ಅದನ್ನು ಎಲ್ಲಿ ತಿರುಗಿಸಿದ, ಎಲ್ಲಿ ತಡೆದ ಅನ್ನೋದರ ಮೇಲೇ ಕಿವಿ ಇಡಬಹುದು. ಒಂದೇ ಸಾಲು ಮರಳಿ ಬಂದಾಗ ಅದು ಹಿಂದಿನ ಸಲದ ಹಾಗೇ ಇದೆಯಾ ಅಂತ ಗಮನಿಸಿ. ಶಾಸ್ತ್ರೀಯ ಸಂಗೀತದಲ್ಲಿ ‘ಪುನರಾವರ್ತನೆ’ ಅಂದ್ರೆ ಏನು ಅಂತ ಈ ಹಾಡೇ ಕಲಿಸುತ್ತೆ.

4. ರಘುವರ್ ತುಮಕೋ – ಅನಕಹೀ (1985)

ಅಮೋಲ್ ಪಾಲೇಕರ್ ನಿರ್ದೇಶನ, ಜೈದೇವ್ ಸಂಗೀತ. ಈ ಚಿತ್ರದ ಹಾಡುಗಾರಿಕೆಗೆ ಭೀಮಸೇನರಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಆಗ ಅವರಿಗೆ ಅರವತ್ತು ದಾಟಿತ್ತು. ಇಲ್ಲಿ ತಾನುಗಳ ಆರ್ಭಟವಿಲ್ಲ. ಇದು ಶರಣಾಗತಿಯ ಭಜನೆ, ದನಿ ತಗ್ಗಿ ನಡೆಯುತ್ತದೆ. ಮೊದಲ ಹಾಡಿನ ಮೂವತ್ತರ ಹರೆಯದ ದನಿಯನ್ನೂ ಇದನ್ನೂ ಒಂದೇ ದಿನ ಕೇಳಿ. ಶಕ್ತಿ ಇದ್ದೂ ಅದನ್ನು ಬಿಗಿಹಿಡಿಯುವುದು ಶಕ್ತಿ ತೋರಿಸುವುದಕ್ಕಿಂತ ಕಷ್ಟ ಅಂತ ಗೊತ್ತಾಗುತ್ತೆ. ಇಂಟರ್ನಲ್ಸ್ ಹಿಂದಿನ ರಾತ್ರಿಗೆ ನಾವು ಇಟ್ಟುಕೊಂಡ ಹಾಡು ಇದು.

5. ಉಮಂಡ್ ಘುಮಂಡ್ – ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ (1995)

ಇದು ಭೀಮಸೇನರ ಹಾಡಲ್ಲ, ಆದರೆ ಇದೇ ಮಣ್ಣಿನದ್ದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನ, ಅಕ್ಷರ, ಸಂಗೀತ ಕೊಟ್ಟ ಪಂಚಾಕ್ಷರಿ ಗವಾಯಿಗಳ ಕಥೆ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಸರು ಕೇಳದ ಮನೆ ನರಗುಂದ–ರೋಣದ ಕಡೆ ಇರಲಿಕ್ಕಿಲ್ಲ. ಹಂಸಲೇಖ ಅವರಿಗೆ ಸಂಗೀತ ನಿರ್ದೇಶನದ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನದ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ. ಕ್ರಮವಾಗಿ ಶಾಸ್ತ್ರೀಯ ಪಾಠ ಆಗದ ಎಸ್‌ಪಿಬಿ ಇಲ್ಲಿ ಹಿಂದೂಸ್ತಾನಿ ಗಾಯಕನಾಗಿ ನಿಲ್ಲುತ್ತಾರೆ. ಮೋಡ ಕವಿಯುವ, ಗುಡುಗುವ ಚಿತ್ರವನ್ನು ದನಿಯಲ್ಲೇ ಹೇಗೆ ಕಟ್ಟಿದ್ದಾರೆ ಕೇಳಿ. ‘ನಮಗ ತಿಳಿಯಂಗಿಲ್ಲ’ ಅನ್ನುವವರಿಗೆ ಈ ಹಾಡೇ ಉತ್ತರ. ಕಿವಿ ತೆರೆದು ಕೇಳಿದವರಿಗೆ ಬರುತ್ತದೆ.

ಕೇಳುವ ಒಂದು ಕ್ರಮ

ಐದನ್ನೂ ಒಂದೇ ದಿನ ಕೇಳಿ ಮುಗಿಸಬೇಡಿ. ವಾರಕ್ಕೊಂದು ಹಾಡು ಸಾಕು. ಮೊದಲ ದಿನ ಮಾತು, ಎರಡನೇ ದಿನ ತಾಳ, ಮೂರನೇ ದಿನ ಗಾಯಕ ಉಸಿರು ತೆಗೆದುಕೊಳ್ಳುವ ಜಾಗ, ನಾಲ್ಕನೇ ದಿನ ಹಿಂದಿನ ವಾದ್ಯಗಳು. ಆಮೇಲೆ ಏನೂ ಹುಡುಕದೆ ಸುಮ್ಮನೆ ಕೇಳಿ. ರಾಗದ ಹೆಸರು ಗೊತ್ತಾಗದಿದ್ದರೂ ಅದರ ದಾರಿ ಗೊತ್ತಾಗಿರುತ್ತೆ. ಮುಂದಿನ ತಿರುವು ಬರುವ ಮೊದಲೇ ನಿಮ್ಮ ತಲೆ ಅಲ್ಲಾಡುತ್ತೆ.

ಹೀಗೆ ಐದು ವಾರ ಆದ ಮೇಲೆ ಭೀಮಸೇನರ ಒಂದು ಪೂರ್ತಿ ಖಯಾಲ್ ಆರಿಸಿಕೊಳ್ಳಿ. ಬಸ್ಸಿನಲ್ಲಿ ಊರಿಗೆ ಹೋಗುವಾಗ ಆದರೂ ಸರಿ. ಮೊದಲ ಹತ್ತು ನಿಮಿಷ ಏನೂ ನಡೀತಿಲ್ಲ ಅನ್ನಿಸಬಹುದು. ಆ ನಿಧಾನದಲ್ಲೇ ರಾಗ ಕಟ್ಟಿಕೊಳ್ಳುತ್ತಿರುತ್ತದೆ, ತಾಳ್ಮೆ ಇರಲಿ. ಅಷ್ಟಾದ ಮೇಲೂ ತಿಳಿಯಲಿಲ್ಲ ಅಂದ್ರ ಚಿಂತಿ ಬ್ಯಾಡ, ಇನ್ನೊಮ್ಮೆ ಹಚ್ರಿ.