ಬಿರುಗಾಳಿಗೆ ಸಿಲುಕಿದ ಅಂಗಳದ ಮರಗಳ ಆರೈಕೆ

2016ರ ಡಿಸೆಂಬರ್ 12ರಂದು ಚೆನ್ನೈ ಸಮೀಪ ಕರಾವಳಿಯನ್ನು ದಾಟಿದ ‘ವರ್ಧಾ’ ಚಂಡಮಾರುತವು ಆ ನಗರದ ಸಾವಿರಾರು ಮರಗಳನ್ನು ಉರುಳಿಸಿತು. 2021ರ ಮೇ ತಿಂಗಳಿನಲ್ಲಿ ‘ತೌಕ್ತೆ’ ಚಂಡಮಾರುತವು ಮುಂಬಯಿಯ ಪಕ್ಕದಲ್ಲಿ ಹಾದುಹೋದಾಗ ಅಲ್ಲಿಯೂ ಅನೇಕ ಮರಗಳು ನೆಲಕ್ಕೊರಗಿದವು. ಹೂವಿನ ಸೊಬಗಿಗಾಗಿ ಬೆಳೆಸುವ ಗುಲ್‌ಮೊಹರ್ ಮರದ ಕೊಂಬೆಗಳು ಪೆಡಸಾಗಿದ್ದು ಸುಲಭವಾಗಿ ಮುರಿಯುತ್ತವೆ. ಅದರ ಬೇರುಗಳು ಹೆಚ್ಚು ಆಳಕ್ಕಿಳಿಯುವುದಿಲ್ಲ. ಆದರೆ ಗಾಳಿಗೆ ಘಾಸಿಗೊಂಡ ಮರಗಳೆಲ್ಲವೂ ಕಡಿಯಲೇಬೇಕಾದವುಗಳಲ್ಲ.

ಗಾಳಿ ಅಡಗಿದೊಡನೆ ಮೊದಲು ವಿದ್ಯುತ್ ತಂತಿಗಳನ್ನು ಗಮನಿಸಬೇಕು. ತಂತಿ ತಗುಲಿದ ಮರವನ್ನಾಗಲಿ, ಅದರ ಸುತ್ತಲಿನ ಒದ್ದೆ ನೆಲವನ್ನಾಗಲಿ ಯಾರೂ ಸಮೀಪಿಸಬಾರದು. ವಿದ್ಯುತ್ ಸರಬರಾಜು ಕಚೇರಿಗೆ ತಿಳಿಸಿ, ವಿದ್ಯುತ್ ಪ್ರವಾಹ ನಿಂತುದು ಖಚಿತವಾದ ಬಳಿಕವೇ ಕೆಲಸ ಆರಂಭಿಸಬೇಕು. ಅರ್ಧ ಮುರಿದು ನೇತಾಡುವ ಕೊಂಬೆಗಳ ಕೆಳಗೆ ಮಕ್ಕಳನ್ನು ಬಿಡಬಾರದು.

ಅನಂತರ ಮರದ ಸ್ಥಿತಿಯನ್ನು ಪರಿಶೀಲಿಸಬೇಕು. ಕಾಂಡವು ಸೀಳದೆ, ಅರ್ಧಕ್ಕಿಂತ ಹೆಚ್ಚು ಕೊಂಬೆಗಳು ಉಳಿದಿದ್ದರೆ ಮರವು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಬುಡದ ಮಣ್ಣು ಬಿರಿದು ಒಂದು ಪಕ್ಕಕ್ಕೆ ಉಬ್ಬಿದ್ದು, ದೊಡ್ಡ ಮರವು ಹೊಸದಾಗಿ ವಾಲಿದ್ದರೆ ಅದು ಅಪಾಯದ ಸೂಚನೆ; ತಜ್ಞರ ಸಲಹೆ ಪಡೆಯುವುದು ಅವಶ್ಯಕ.

ಮುರಿದ ದಪ್ಪ ಕೊಂಬೆಯನ್ನು ಮೂರು ಹಂತಗಳಲ್ಲಿ ತೆಗೆಯಬೇಕು. ಕಾಂಡದಿಂದ ಸುಮಾರು ಒಂದು ಅಡಿ ದೂರದಲ್ಲಿ ಕೆಳಗಿನಿಂದ ಕೊಂಬೆಯ ಮೂರನೆಯ ಒಂದು ಭಾಗದಷ್ಟು ಗರಗಸ ಹಾಕಬೇಕು. ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕತ್ತರಿಸಿದರೆ, ಕೊಂಬೆಯು ಕಾಂಡದ ತೊಗಟೆಯನ್ನು ಸುಲಿಯದೆ ಬೀಳುತ್ತದೆ. ಉಳಿದ ಮೋಟನ್ನು, ಕೊಂಬೆಯು ಕಾಂಡವನ್ನು ಕೂಡುವೆಡೆಯ ಉಬ್ಬಿಗೆ ಪೆಟ್ಟಾಗದಂತೆ ಅದರ ಹೊರಗೆ ಕತ್ತರಿಸಬೇಕು. ಗಾಯವನ್ನು ಮುಚ್ಚುವ ಹೊಸ ಅಂಗಾಂಶವು ಈ ಉಬ್ಬಿನಿಂದಲೇ ಬೆಳೆಯುತ್ತದೆ. ಗಾಯಕ್ಕೆ ಡಾಂಬರು, ಬಣ್ಣ ಬಳಿಯುವ ಅವಶ್ಯಕತೆಯಿಲ್ಲ. ಮರದ ತಲೆಯನ್ನು ಬೋಳಿಸುವುದೂ ಹಿತಕರವಲ್ಲ. ಅನಂತರ ಚಿಗುರುವ ಕೊಂಬೆಗಳು ದುರ್ಬಲವಾಗಿದ್ದು ಮುಂದಿನ ಗಾಳಿಗೆ ಮತ್ತೆ ಮುರಿಯುತ್ತವೆ.

ವಾಲಿದ ಎಳೆಯ ಮರಗಳನ್ನು, ಬೇರು ಒಣಗದಂತೆ ಒದ್ದೆ ಗೋಣಿತಟ್ಟು ಹೊದಿಸಿ, ನೆಲವು ಹಸಿಯಾಗಿರುವಾಗಲೇ ಮೆಲ್ಲನೆ ಎತ್ತಿ ನಿಲ್ಲಿಸಿ, ಮಣ್ಣು ತುಂಬಿ, ಗೂಟಗಳ ಆಸರೆ ನೀಡಬೇಕು. ಕಟ್ಟಿದ ಹಗ್ಗವು ತೊಗಟೆಯನ್ನು ಕೊರೆಯದಂತೆ ಎಚ್ಚರ ವಹಿಸಬೇಕು.

ಮರವು ಸ್ವಂತ ಅಂಗಳದಲ್ಲಿದ್ದರೂ ಕಡಿಯುವ ಮುನ್ನ ಸ್ಥಳೀಯ ನಿಯಮಗಳನ್ನು ತಿಳಿಯಬೇಕು. ಮಹಾರಾಷ್ಟ್ರದ ನಗರಗಳಿಗೆ 1975ರ ಹಾಗೂ ದೆಹಲಿಗೆ 1994ರ ವೃಕ್ಷ ಸಂರಕ್ಷಣಾ ಕಾಯಿದೆಗಳು ಅನ್ವಯಿಸುತ್ತವೆ. ಹತ್ತಾರು ವರ್ಷ ನೆರಳಿತ್ತ ಮರವು ಒಂದು ಗಳಿಗೆಯ ಆತುರಕ್ಕೆ ಬಲಿಯಾಗದಿರಲಿ. ಅದನ್ನು ಉಳಿಸುವ ಭರದಲ್ಲಿ ಮನುಷ್ಯರ ಪ್ರಾಣಕ್ಕೂ ಕುತ್ತು ಬಾರದಿರಲಿ.