ಕಡಲ ಎಣ್ಣೆಬಾವಿಗೆ ಹೆಲಿಕಾಪ್ಟರ್

ವೈಟ್‌ಫೀಲ್ಡ್ ಕಡೆಯ ಬಸ್ಸು ಎಚ್.ಎ.ಎಲ್. ದಾಟುವಾಗ ತಲೆಯ ಮೇಲೆ ಹೆಲಿಕಾಪ್ಟರಿನ ಸದ್ದನ್ನು ನೀವು ಕೇಳಿರಬಹುದು. ಇಲ್ಲಿ ತಯಾರಾಗುವ ಆ ಯಂತ್ರಕ್ಕೂ ಅರಬ್ಬೀ ಸಮುದ್ರದ ಎಣ್ಣೆಬಾವಿಗಳಿಗೂ ಏನು ನಂಟು?

ಮುಂಬಯಿ ತೀರದಿಂದ ಸುಮಾರು 160 ಕಿಲೋಮೀಟರ್ ಆಚೆ, ಬಾಂಬೆ ಹೈ ಎಂಬಲ್ಲಿ 1974ರಲ್ಲಿ ತೈಲ ಸಿಕ್ಕಿತು. ಅಲೆಯೆದ್ದಾಗ ಹಡಗಿನಿಂದ ತೈಲವೇದಿಕೆಗೆ ಹತ್ತುವುದು ಅಪಾಯದ ಕೆಲಸ. ಹೀಗಾಗಿ ಕೆಲಸಗಾರರನ್ನು ಹಾರಿಸಿಯೇ ಒಯ್ಯಬೇಕು. ಮುಖ್ಯವಾಗಿ ಇದಕ್ಕಾಗಿಯೇ 1985ರಲ್ಲಿ ಪವನ್ ಹಂಸ್ ಸಂಸ್ಥೆ ಹುಟ್ಟಿತು. ಅದು ಬ್ರಿಟನ್ನಿನಿಂದ ತರಿಸಿದ 21 ವೆಸ್ಟ್‌ಲ್ಯಾಂಡ್ 30 ಹೆಲಿಕಾಪ್ಟರುಗಳು ಅಪಘಾತಗಳಾದ ಮೇಲೆ 1991ರ ವೇಳೆಗೆ ಹಾರಾಟ ನಿಲ್ಲಿಸಿದವು. ಭಾರವೆಲ್ಲ ಫ್ರಾನ್ಸಿನ ಡಾಫಿನ್ ಮೇಲೆ ಬಿತ್ತು.

ಹೆಲಿಕಾಪ್ಟರ್ ಬಾರದಿದ್ದರೆ ಏನಾದೀತು? 2005ರ ಜುಲೈ 27ರಂದು ಅಲ್ಲಿನ ಹಡಗೊಂದರ ಅಡುಗೆಯವನ ಬೆರಳು ತುಂಡಾಯಿತು. ಮುಂಗಾರಿನ ಹವೆಯಿಂದ ಹೆಲಿಕಾಪ್ಟರ್ ಹಾರಲಿಲ್ಲ. ಅವನನ್ನು ವೇದಿಕೆಗೆ ದಾಟಿಸಲು ಹತ್ತಿರ ಬಂದ ಹಡಗು ಅನಿಲ ಕೊಳವೆಗೆ ಬಡಿಯಿತು. ಹೊತ್ತಿದ ಬೆಂಕಿಗೆ 22 ಮಂದಿ ಬಲಿಯಾದರು.

ಕಡಲ ಮೇಲೆ ಹಾರುವ ಹೆಲಿಕಾಪ್ಟರಿಗೆ ಎರಡು ಎಂಜಿನ್ ಇರಬೇಕು. ಒಂದು ಕೆಟ್ಟರೆ ಇನ್ನೊಂದು ದಡ ಸೇರಿಸಬೇಕು. ನೀರಿಗಿಳಿದರೆ ತೇಲಿಸಲು ಗಾಳಿ ತುಂಬಿಕೊಳ್ಳುವ ಚೀಲಗಳು ಬೇಕು. ಇಷ್ಟಿದ್ದೂ ಜೀವ ಉಳಿದೇ ಉಳಿಯುತ್ತದೆ ಎನ್ನುವಂತಿಲ್ಲ. 2022ರ ಜೂನ್ 28ರಂದು ಸಾಗರ್ ಕಿರಣ್ ರಿಗ್ ಬಳಿ ಸಮುದ್ರಕ್ಕಿಳಿದ ಹೆಲಿಕಾಪ್ಟರಿನಲ್ಲಿದ್ದ 9 ಮಂದಿಯಲ್ಲಿ ನಾಲ್ವರು ಬದುಕಲಿಲ್ಲ.

ಬೆಂಗಳೂರಿನ ಧ್ರುವ ಮೊದಲು ಹಾರಿದ್ದು 1992ರ ಆಗಸ್ಟ್‌ನಲ್ಲಿ. ಹೆಚ್ಚಾಗಿ ಸೇನೆಗಳ ಕೆಲಸದಲ್ಲೇ ಬೆಳೆದ ಅದರ ನಾಗರಿಕ ರೂಪ, ಧ್ರುವ ಎನ್‌.ಜಿ., 2025ರ ಡಿಸೆಂಬರ್ 30ರಂದು ಇದೇ ಊರಿನಲ್ಲಿ ಹಾರಿತು. ಓ.ಎನ್.ಜಿ.ಸಿ.ಯ ಬಾವಿಗಳ ಸೇವೆಗೆ ಪವನ್ ಹಂಸ್ ಆರಿಸಿಕೊಂಡಿರುವುದು ಇದನ್ನೇ.