ಶ್ರೀಮತಿ ವಿಜಯಲಕ್ಷ್ಮಿ ಪಂಡಿತರು: ರಾಜಕಾರಣದಿಂದ ರಾಯಭಾರಕ್ಕೆ

ರಾಜಕಾರಣಿಗಳನ್ನು ರಾಯಭಾರಿಗಳನ್ನಾಗಿ ಕಳುಹಿಸುವುದು ಉಚಿತವೇ ಎಂಬ ಪ್ರಶ್ನೆ ರಾಜ್ಯಶಾಸ್ತ್ರದ ತರಗತಿಗಳಲ್ಲಿ ಆಗಾಗ ಏಳುವುದುಂಟು. ಬಂಧುತ್ವದಿಂದ ಪದವಿ ದೊರೆಯಿತೆಂಬ ಆಕ್ಷೇಪಣೆಯೂ ಅದರ ಬೆನ್ನಿಗೇ ಬರುತ್ತದೆ. ಶ್ರೀಮತಿ ವಿಜಯಲಕ್ಷ್ಮಿ ಪಂಡಿತರ ವಿಷಯದಲ್ಲಿ ಇವೆರಡನ್ನೂ ಕೇಳಿದವರುಂಟು.

1900ರಲ್ಲಿ ಅಲಹಾಬಾದಿನಲ್ಲಿ ಜನಿಸಿದ ಇವರು ಮೋತಿಲಾಲ ನೆಹರೂರವರ ಮಗಳು, ಜವಾಹರಲಾಲರ ತಂಗಿ. ಆದರೆ ಮೂರು ಬಾರಿಯ ಸೆರೆವಾಸವನ್ನು ಅಣ್ಣನು ದೊರಕಿಸಿಕೊಟ್ಟದ್ದಲ್ಲವಷ್ಟೆ! 1937ರಲ್ಲಿ ಸಂಯುಕ್ತ ಪ್ರಾಂತದ ಸ್ಥಳೀಯ ಸ್ವಯಮಾಡಳಿತ ಮತ್ತು ಆರೋಗ್ಯ ಸಚಿವೆಯಾದರು. 1944ರಲ್ಲಿ ಪತಿ ರಣಜಿತ್ ಪಂಡಿತರು ತೀರಿಕೊಂಡರು.

ಅವರ ರಾಯಭಾರ ಕೌಶಲದ ನಿಜವಾದ ಪರೀಕ್ಷೆ ನಡೆದುದು 1946ರಲ್ಲಿ, ವಿಶ್ವಸಂಸ್ಥೆಯ ಮಹಾಸಭೆಯಲ್ಲಿ. ದಕ್ಷಿಣ ಆಫ್ರಿಕದ ಸರಕಾರ ಅದೇ ವರ್ಷ ಅಲ್ಲಿನ ಭಾರತೀಯರ ಭೂಮಿಯ ಹಕ್ಕನ್ನು ಮೊಟಕುಗೊಳಿಸುವ ಕಾನೂನು ಮಾಡಿತ್ತು. ಅದನ್ನು ಪ್ರಶ್ನಿಸಿದ ಭಾರತದ ನಿಯೋಗಕ್ಕೆ ಶ್ರೀಮತಿ ಪಂಡಿತರೇ ನಾಯಕಿ. ಎದುರಾಳಿ ಜನರಲ್ ಸ್ಮಟ್ಸ್. ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಯಲ್ಲಿ ಮಾನವ ಹಕ್ಕುಗಳ ಮಾತು ಸೇರುವಂತೆ ಶ್ರಮಿಸಿದವರು ಇದೇ ಸ್ಮಟ್ಸ್ ಎಂಬುದು ವಿಚಿತ್ರ! ಇದು ತಮ್ಮ ದೇಶದ ಆಂತರಿಕ ವಿಷಯವೆಂದು ಅವರು ವಾದಿಸಿದರು. ಬ್ರಿಟನ್, ಅಮೆರಿಕಗಳೂ ಭಾರತದ ವಿರುದ್ಧವೇ ನಿಂತವು. ಡಿಸೆಂಬರ್ 8ರಂದು ಮತ ತೆಗೆದುಕೊಂಡಾಗ ಪರವಾಗಿ 32, ವಿರೋಧವಾಗಿ 15. ಏಳು ರಾಷ್ಟ್ರಗಳು ತಟಸ್ಥ. ಮೂರರಲ್ಲಿ ಎರಡು ಭಾಗದ ಬಹುಮತ ಅಗತ್ಯವಾಗಿದ್ದುದರಿಂದ, ಪರವಾಗಿದ್ದ ಒಂದೇ ರಾಷ್ಟ್ರ ವಿರೋಧಕ್ಕೆ ತಿರುಗಿದ್ದರೂ ನಿರ್ಣಯ ಬಿದ್ದುಹೋಗುತ್ತಿತ್ತು. ಚುನಾವಣೆಯ ಕಣದಲ್ಲಿ ಪಳಗಿದವರಿಗೆ ಒಂದೊಂದು ಮತದ ಬೆಲೆಯೂ ತಿಳಿದಿರುತ್ತದೆ. ಆ ಅನುಭವ ಅಲ್ಲಿ ಒದಗಿಬಂದಿತೆಂದೇ ನನ್ನೆಣಿಕೆ.

ಆ ನಿರ್ಣಯದಿಂದ ದಕ್ಷಿಣ ಆಫ್ರಿಕದ ಭಾರತೀಯರ ಕಷ್ಟ ನೀಗಲಿಲ್ಲ. 1948ರ ನಂತರ ವರ್ಣಭೇದ ನೀತಿ ಇನ್ನೂ ಬಿಗಿಯಾಯಿತು. ಆದರೂ ಆ ಪ್ರಶ್ನೆಯನ್ನು ಆಂತರಿಕ ವಿಷಯವೆಂದು ಮುಚ್ಚಿಡಲು ಮುಂದೆ ಸಾಧ್ಯವಾಗಲಿಲ್ಲ.

ಮಾಸ್ಕೋದಲ್ಲಿ ಪರಿಸ್ಥಿತಿ ಬೇರೆ. 1947ರಿಂದ 1949ರವರೆಗೆ ಅಲ್ಲಿ ರಾಯಭಾರಿಯಾಗಿದ್ದರೂ ಸ್ಟಾಲಿನ್ ಅವರಿಗೆ ಒಮ್ಮೆಯೂ ಭೇಟಿ ಕೊಡಲಿಲ್ಲ. ಅವರ ತರುವಾಯ ಹೋದ, ಹಿಂದೆ ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಡಾ. ರಾಧಾಕೃಷ್ಣನ್‌ರವರಿಗೆ ಆ ಬಾಗಿಲು ತೆರೆಯಿತು. ಸಭೆಯಿಲ್ಲದ, ಮತವಿಲ್ಲದ ಕಡೆ ಜನನಾಯಕರ ಚಾತುರ್ಯಕ್ಕೆ ಎಡೆ ಕಡಮೆಯೆಂದೇ ಹೇಳಬೇಕು.

ಅನಂತರ ವಾಷಿಂಗ್ಟನ್, 1953ರಲ್ಲಿ ಮಹಾಸಭೆಯ ಅಧ್ಯಕ್ಷಸ್ಥಾನ, ಅದನ್ನೇರಿದ ಪ್ರಥಮ ಮಹಿಳೆಯೆಂಬ ಕೀರ್ತಿ, ಬಳಿಕ 1961ರವರೆಗೆ ಲಂಡನ್. ಇನ್ನು ಬಂಧುತ್ವದ ಮಾತು. ರಾಜಕೀಯದಿಂದ ನಿವೃತ್ತರಾಗಿದ್ದ ಅವರು 1977ರ ಚುನಾವಣೆಯಲ್ಲಿ ಮತ್ತೆ ವೇದಿಕೆಯನ್ನೇರಿ, ತುರ್ತುಪರಿಸ್ಥಿತಿಯನ್ನು ಹೇರಿದ ಸೋದರಸೊಸೆ ಇಂದಿರಾಗಾಂಧಿಯವರ ಪಕ್ಷದ ವಿರುದ್ಧವೇ ಪ್ರಚಾರ ಮಾಡಿದರು. ಆಗ ಅವರಿಗೆ ಎಪ್ಪತ್ತಾರು ವರ್ಷ.